ಬಾಯಿಪಂದ್ಯದಲ್ಲಿ ಸುತ್ತಿಗೆ

ಆ ಬೀದಿಯ ಕಟಿಂಗ್ ಶಾಪಿನಲ್ಲಿ ಭಾನುವಾರ ಬೆಳಗಾದರೆ ಸಾಕು, ಸತ್ತವರೂ ಎದ್ದು ಬಂದು ಗುದ್ದಾಡುತ್ತಿದ್ದರು. ತಾತನ ಕಾಲದ ಬಾಕ್ಸಿಂಗ್ ಚಾಂಪಿಯನ್ ಮೊಮ್ಮಗನ ಕಾಲದವನ ಮೂಗು ಒಡೆಯುತ್ತಿದ್ದ. ಮೊಮ್ಮಗನ ಕಾಲದವನು ತಾತನ ಕಾಲದವನಿಗೆ ಮಣ್ಣು ಮುಕ್ಕಿಸುತ್ತಿದ್ದ. ಎಲ್ಲವೂ ಬಾಯಲ್ಲೇ. ಒಬ್ಬ ಗಿರಾಕಿ ಒಬ್ಬ ಚಾಂಪಿಯನ್ನನ ಪರ, ಇನ್ನೊಬ್ಬ ಗಿರಾಕಿ ಇನ್ನೊಬ್ಬನ ಪರ ನಿಂತು, ಒಂದು ಸುತ್ತು ಇವನು, ಒಂದು ಸುತ್ತು ಅವನು ಅಂತ ಸರದಿಯಲ್ಲಿ ಪಂದ್ಯವನ್ನು ಹೇಳುತ್ತಾ ಹೋಗಬೇಕು. ಇದಕ್ಕೆ ಅವರು ಇಟ್ಟುಕೊಂಡಿದ್ದ ಹೆಸರು ಬಾಯಿಪಂದ್ಯ. ಗಡ್ಡ ತೆಗೆಸಿಕೊಳ್ಳಲು ಬಂದವರು ಗಡ್ಡವನ್ನೇ ಮರೆತು ಬೆಂಚಿನ ಮೇಲೆ ಕೂತುಬಿಡುತ್ತಿದ್ದರು. ಮನೆಯಲ್ಲಿ ಕಾಯುತ್ತಿದ್ದ ಹೆಂಗಸರಿಗೆ ಆ ಅಂಗಡಿಯ ಹೆಸರೆತ್ತಿದರೆ ಮೈ ಉರಿಯುತ್ತಿತ್ತು.

ಬಾಯಿಪಂದ್ಯ ಅಂದ ಮಾತ್ರಕ್ಕೆ ಬಾಯಿಗೆ ಬಂದಂತೆ ಹೇಳುವ ಹಾಗಿರಲಿಲ್ಲ. ಕಟಿಂಗ್ ಶಾಪಿನವನು ಆ ವಿಷಯದಲ್ಲಿ ಬಲು ಕಟ್ಟುನಿಟ್ಟು. ಚಾಂಪಿಯನ್ ತನ್ನ ಬದುಕಿನಲ್ಲಿ ಏನು ಮಾಡಿದ್ದನೋ, ಅದನ್ನು ಯಾರಾದರೂ ಕಣ್ಣಾರೆ ನೋಡಿದ್ದರೋ, ಅಷ್ಟನ್ನೇ ಇಲ್ಲೂ ಮಾಡಿಸಬೇಕು. ರೀಲು ಬಿಟ್ಟರೆ ಆ ಸುತ್ತು ಲೆಕ್ಕಕ್ಕಿಲ್ಲ. ಯಾರಾದರೂ ನೆಲಕ್ಕೆ ಬಿದ್ದರೆ ಅವನು ಕತ್ತಿ ಕೆಳಗಿಟ್ಟು, ಕತ್ತರಿ ಎತ್ತಿಕೊಂಡು, ಗಾಳಿಯಲ್ಲಿ ಚಕ್, ಚಕ್ ಅಂತ ಹತ್ತು ಎಣಿಸುತ್ತಿದ್ದ. ಹತ್ತಾಗುವುದರೊಳಗೆ ಬಿದ್ದವನ ಕಡೆಯವರು ಅವನು ಎದ್ದೇ ಏಳುತ್ತಾನೆ ಅನ್ನೋದಕ್ಕೆ ಸಾಕ್ಷಿ ಹೇಳಬೇಕು. ಇಲ್ಲವೇ ಕನ್ನಡಿಯ ಮುಂದಿನ ಹಲಗೆಯ ಮೇಲೆ ಟವೆಲ್ ಎಸೆದು ಸೋಲು ಒಪ್ಪಿಕೊಳ್ಳಬೇಕು.

ಈ ಅಂಗಡಿಯಿಂದ ಎರಡು ಬೀದಿ ಆಚೆ ಇಸ್ತ್ರಿ ಅಂಗಡಿಯವಳಿದ್ದಳು. ಅವಳ ಗಂಡ ಒಂದು ಕಾಲದಲ್ಲಿ ಚಾಂಪಿಯನ್. ಬಲಗೈ ಬೀಸಿದರೆ ಎದುರಿಗಿದ್ದವನು ಮೊಳೆ ಇಳಿದ ಹಾಗೆ ಇಳಿಯುತ್ತಿದ್ದನಂತೆ, ಅದಕ್ಕೇ ಜನ ಅವನನ್ನು ಸುತ್ತಿಗೆ ಅಂತ ಕರೆದರು. ಅವಳು ಮಾತ್ರ ಅವನ ಒಂದೇ ಒಂದು ಪಂದ್ಯವನ್ನೂ ನೋಡಿದವಳಲ್ಲ. ಮದುವೆಯಾದ ಹೊಸದರಲ್ಲಿ ಬಾ ಬಾ ಅಂತ ಗೋಗರೆದ ಗಂಡನಿಗೆ ಅವಳು ಹೇಳಿದ್ದಿಷ್ಟೇ: ಏಟು ಕೊಡೋದನ್ನ ನೋಡೋಕೆ ಊರೆಲ್ಲ ಇದೆ, ತಿಂದು ಬಂದಿದ್ದನ್ನ ನೋಡೋಕೆ ನಾನೊಬ್ಬಳೇ ಇರೋದು. ಪಂದ್ಯದ ಮಾರನೇ ದಿನ ಅವನ ಮೈಗೆ ಬಿಸಿನೀರಿನ ಶಾಖ ಕೊಡುತ್ತಾ, ಬೈಯುತ್ತಾ, ಮತ್ತೆ ಶಾಖ ಕೊಡುತ್ತಾ ಅವಳ ಸಂಸಾರ ನಡೆದಿತ್ತು.

ಈಗ ಅವನಿಗೆ ಲಕ್ವ ಹೊಡೆದಿತ್ತು. ಲಕ್ವಕ್ಕೂ ಅವನ ಹೆಸರು ಗೊತ್ತಿತ್ತೇನೋ, ಸರಿಯಾಗಿ ಬಲಗಡೆಗೇ ಬಂದು ಬಡಿದಿತ್ತು. ಸುತ್ತಿಗೆಯಂಥ ಕೈ ಒಗೆದು ಹಿಂಡದ ಬಟ್ಟೆಯ ಹಾಗೆ ಜೋಲುಬಿದ್ದಿತ್ತು. ಮಾತು ಪೂರ್ತಿ ಹೋಗಿ, ಅದು ಹೇಗೋ ಒಂದೇ ಒಂದು ಶಬ್ದ ಉಳಿದುಕೊಂಡಿತ್ತು: "ಆಮೇಲೆ." ನೀರು ಬೇಕಾದರೂ ಆಮೇಲೆ, ಬೇಡವಾದರೂ ಆಮೇಲೆ. ಡಾಕ್ಟರು ಹೀಗೂ ಆಗುತ್ತದೆ, ಒಂದೊಂದು ಸಲ ಒಂದೇ ಮಾತು ಉಳಿಯುತ್ತದೆ ಅಂದಿದ್ದರು. ಉಳಿಯೋದು ಉಳೀತು, ನನ್ನ ಹೆಸರಾದರೂ ಉಳಿಯಬಾರದಿತ್ತಾ ಅಂತ ಅವಳು ಜಗಳ ತೆಗೆದಿದ್ದಳು. ಅವನು ಅರ್ಧ ಮುಖದಲ್ಲಿ ನಕ್ಕಿದ್ದ.

ಬರಬರುತ್ತಾ ಅವಳಿಗೆ ಆ ಒಂದು ಮಾತಿನಲ್ಲೇ ಎಲ್ಲವೂ ಕೇಳತೊಡಗಿತು. ಮೆಲ್ಲಗೆ ಅಂದರೆ ನೀರು. ಎಳೆದು ಅಂದರೆ ಸುಸ್ತು. ಕೊನೆಯಲ್ಲಿ ದನಿ ಏರಿದರೆ ಯಾರೋ ಬಂದರು ನೋಡು. ಮಧ್ಯದಲ್ಲೇ ಕಚ್ಚಿ, ತುಂಡು ಮಾಡಿ "ಆಮ್ಲೆ" ಅಂದರೆ ಸಾಕು, ನಿಲ್ಲಿಸು ಅಂತ. ಸತ್ತ ಕೈಗೆ ಅವಳು ಎಣ್ಣೆ ಹಾಕಿ ತಿಕ್ಕುವಾಗ ನೋವು ತಡೆಯಲಾರದೆ ಬರುತ್ತಿದ್ದದ್ದು ಈ ತುಂಡು ಮಾತೇ.

ವ್ಯಾಯಾಮ ಹೇಳಿಕೊಡಲು ಬರುತ್ತಿದ್ದಾಕೆ ಧೈರ್ಯ ಹೇಳಿದ್ದಳು. ಕಾಲಿನಲ್ಲಿ ಕಸುವಿದೆ, ಎಡಗೈ ಗಟ್ಟಿಯಾಗಿದೆ, ಮನಸ್ಸು ಮಾಡಿದರೆ ತಾವಾಗಿಯೇ ಎದ್ದು ನಿಲ್ಲುತ್ತಾರೆ ಅಂದಿದ್ದಳು. ಮೊದಮೊದಲು ಅವನೂ ಹಟ ಹಿಡಿದು ಒದ್ದಾಡುತ್ತಿದ್ದ. ಕುರ್ಚಿಯಿಂದ ಅರ್ಧ ಎದ್ದು, ಬೆವರಿ, ಮತ್ತೆ ಕುಸಿಯುತ್ತಿದ್ದ. ಪ್ರತಿ ಭಾನುವಾರ ಹೆಂಡತಿಯ ಹೆಗಲು ಹಿಡಿದು ಕಟಿಂಗ್ ಶಾಪಿಗೆ ಹೋಗಿ ಗಡ್ಡ ತೆಗೆಸಿಕೊಂಡು ಬರುತ್ತಿದ್ದ. ಅವಳು ಬಾಗಿಲ ತನಕ ಬಿಟ್ಟು, ಇಸ್ತ್ರಿ ಮುಗಿಸಿ, ಮತ್ತೆ ಹೋಗಿ ಕರೆದುಕೊಂಡು ಬರುತ್ತಿದ್ದಳು. ಗಂಡಸರ ನಡುವೆ ನಾಲ್ಕು ಮಾತು ಕಿವಿಗೆ ಬಿದ್ದರೆ ಒಳ್ಳೆಯದೇ ಅನ್ನೋದು ಅವಳ ಲೆಕ್ಕ.

ಆಮೇಲೊಂದು ಭಾನುವಾರ ಅವನು ಬಾಗಿಲ ಚೌಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡವನು ಬಿಡಲೇ ಇಲ್ಲ. ಮುಂದಿನ ವಾರವೂ ಅದೇ ಕತೆ. ವ್ಯಾಯಾಮಕ್ಕೆ ಕರೆದರೆ ಗೋಡೆಯ ಕಡೆ ತಿರುಗಿ ಮಲಗಿದ. ಗಡ್ಡ ಬೆಳೆಯಿತು, ಊಟ ಇಳಿಯಿತು. ಅವಳು ರಮಿಸಿದಳು, ಗದರಿದಳು, ಅತ್ತೂ ನೋಡಿದಳು. ಅವನು ಕ್ಯಾರೇ ಅನ್ನಲಿಲ್ಲ. ಲಕ್ವಕ್ಕೆ ಹೆದರದಿದ್ದ ಅವಳಿಗೆ ಆ ತಿರುಗಿದ ಬೆನ್ನು ನೋಡಿ ಮೊದಲ ಸಲ ಹೆದರಿಕೆಯಾಯಿತು. ಈ ಮನುಷ್ಯ ಕೈಚೆಲ್ಲಿ ಕೂತ ಅಂತ ಅವಳಿಗೆ ಖಾತ್ರಿಯಾಯಿತು. ಹೀಗೇ ಬಿಟ್ಟರೆ ಇನ್ನು ಇವನು ಮಂಚ ಬಿಟ್ಟು ಏಳುವವನಲ್ಲ.

ವಿಷಯ ತಿಳಿದದ್ದು ಕಟಿಂಗ್ ಶಾಪಿನವನಿಂದಲೇ. ಪಾಪ, ಅವನೇ ಗಡ್ಡ ತೆಗೆಯಲು ಕತ್ತಿ ಹಿಡಿದುಕೊಂಡು ಮನೆಗೆ ಬಂದಿದ್ದ. ಅಣ್ಣ ಯಾಕೆ ಬರುತ್ತಿಲ್ಲ, ಅಣ್ಣನಿಲ್ಲದೆ ಪಂದ್ಯಕ್ಕೆ ಕಳೆಯೇ ಇಲ್ಲ ಅಂತ ಹಲುಬಿದ. ಈಚೆಗೆ ಎಲ್ಲರೂ ಸೇರಿ ಸುತ್ತಿಗೆಯನ್ನು ಮಿಂಚು ಅಂತ ಹೆಸರಾದ ಈಗಿನ ಚಾಂಪಿಯನ್ನನ ಎದುರಿಗೆ ನಿಲ್ಲಿಸುತ್ತಿದ್ದರಂತೆ. ವಾರ ವಾರವೂ ಸುತ್ತಿಗೆಯೇ ಸೋಲುತ್ತಿದ್ದನಂತೆ. ಅವನ ಪರ ಹೇಳುವವರಿಗೆ ಅವನ ಪಂದ್ಯಗಳ ನೆನಪು ಅಷ್ಟಕ್ಕಷ್ಟೇ, ಮಿಂಚಿನ ಪಂದ್ಯಗಳಾದರೆ ಎಲ್ಲರ ಮೊಬೈಲಿನಲ್ಲೂ ಇವೆ.

"ಆದ್ರೂ ಅಣ್ಣನ ಖುಷಿ ನೋಡ್ಬೇಕು ಅತ್ತಿಗೆ," ಅಂದ ಅವನು. "ಅವರು ಬಿದ್ದಾಗಲೆಲ್ಲ 'ಆಮೇಲೆ, ಆಮೇಲೆ' ಅಂತ ಅವರೇ ಕೇಳ್ತಾರೆ. ನಾವೂ ಹುರುಪಿನಿಂದ ಮುಂದಿನ ಸುತ್ತು ಹೇಳ್ತೀವಿ."

ಇಸ್ತ್ರಿಪೆಟ್ಟಿಗೆ ಹಿಡಿದಿದ್ದ ಅವಳ ಕೈ ಅಂಗಿಯ ಕಾಲರಿನ ಮೇಲೆ ನಿಂತಿತು. ಹೇಗೆ ಕೇಳುತ್ತಿದ್ದರು, ಅವರು ಅಂದ ಹಾಗೇ ಅಂದು ತೋರಿಸು ಅಂದಳು. ಅವನು ಒಳ್ಳೆಯ ಅನುಕರಣೆಗಾರ. ಗಂಟಲು ಸರಿಮಾಡಿಕೊಂಡು, ಹಲ್ಲು ಕಚ್ಚಿ, ತುಂಡು ಮಾಡಿ, "ಆಮ್ಲೆ" ಅಂದ.

ಅಂಗಿಯ ಕಾಲರ್ ಸುಟ್ಟ ವಾಸನೆ ಹೊಡೆಯಿತು, ಅದನ್ನೂ ಅವಳು ಗಮನಿಸಲಿಲ್ಲ. ಸಾಕು ನಿಲ್ಲಿಸಿ ಅಂತ ಒಬ್ಬ ಮನುಷ್ಯ ತನ್ನಲ್ಲಿ ಉಳಿದ ಒಂದೇ ಮಾತಿನಲ್ಲಿ ಕೇಳಿಕೊಂಡಿದ್ದಾನೆ. ಇವರು ಅದನ್ನು ಇನ್ನೂ ಹೇಳಿ ಅಂತ ತಿಳಿದು ಮತ್ತೆ ಮತ್ತೆ ಕೆಡವಿದ್ದಾರೆ. ಎದುರಿಗೆ ಹಲ್ಲು ಬಿಟ್ಟು ನಿಂತಿದ್ದ ಆ ಬಡಪಾಯಿಯನ್ನು ಬೈಯಲು ಅವಳಿಗೆ ಬಾಯೇ ಬರಲಿಲ್ಲ. ಭಾನುವಾರ ಬರುತ್ತೇವೆ, ಪಂದ್ಯ ಇಟ್ಟುಕೊಂಡಿರು ಅಂದಳು. ಸುತ್ತಿಗೆಯ ಪರ ಯಾರು ಹೇಳುವುದು ಅಂತ ಅವನು ಕೇಳಿದ. ನಾನು ಅಂದಳು.

ಭಾನುವಾರ ಚೌಕಟ್ಟು ಹಿಡಿದು ನಿಂತ ಗಂಡನ ಜೊತೆ ಅವಳು ಜಗ್ಗಾಡಲಿಲ್ಲ. ಕಿವಿಯ ಹತ್ತಿರ ಬಾಗಿ ಹೇಳಿದಳು. "ಬರೋಲ್ಲ ಅಂದ್ರೆ ಬಿಡಿ. ನಾನೊಬ್ಬಳೇ ಹೋಗಿ ನಿಮ್ಮ ಪರ ಗುದ್ದಾಡ್ತೀನಿ. ಒಂದು ಪಂದ್ಯನೂ ನೋಡದೋಳು ನಾನು, ಸೋತು ಬಂದ್ರೆ ನನ್ನ ಕಡೆ ಮುಖ ತಿರುಗಿಸ್ಕೊಂಡು ಮಲಗ್ಬೇಡಿ." ಚೌಕಟ್ಟಿನ ಮೇಲಿದ್ದ ಅವನ ಬೆರಳುಗಳು ಒಂದೊಂದಾಗಿ ಬಿಟ್ಟುಕೊಂಡವು.

ಅಂಗಡಿಯಲ್ಲಿ ಮಿಂಚಿನ ಪರ ಹೇಳುವವನು ಮೈಕಣ್ಣ. ಹಿಂದೆ ಬಾಕ್ಸಿಂಗ್ ಪಂದ್ಯಗಳಿಗೆ ಮೈಕಿನಲ್ಲಿ ಕೂಗಿ ಹೇಳುತ್ತಿದ್ದವನು. ಕೆಲಸ ಬಿಟ್ಟ ಮೇಲೆ ಮೈಕು ಹೋಯಿತು, ಗಂಟಲು ಹಾಗೇ ಉಳಿಯಿತು. ಕೆಟ್ಟ ಮನುಷ್ಯನೇನಲ್ಲ, ಎದುರಿಗಿರುವವರು ಯಾರು ಅನ್ನೋದನ್ನು ಮಾತಿನ ಭರದಲ್ಲಿ ಮರೆಯುವವನು. ಇಸ್ತ್ರಿ ಅಂಗಡಿಯವಳು ಗಂಡನನ್ನು ದೊಡ್ಡ ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲೇ ಸೊಂಟಕ್ಕೆ ಕೈಕೊಟ್ಟು ನಿಂತಾಗ ಬೆಂಚಿನ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಗಸು ಹೇಳಬಹುದಾ ಅಂತ ಮುದಿ ಪೋಸ್ಟ್‌ಮ್ಯಾನ್ ಒಬ್ಬ ಗೊಣಗಿದ. ಬಾಯಿರೋರು ಯಾರು ಬೇಕಾದ್ರೂ ಹೇಳ್ಬಹುದು ಅಂತ ಕಟಿಂಗ್ ಶಾಪಿನವನು ತೀರ್ಪು ಕೊಟ್ಟು, ಸುತ್ತಿಗೆಯ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿ, ಕೆನ್ನೆಗೆ ನೊರೆ ಹಚ್ಚತೊಡಗಿದ. ಬಾಯಿ ಒರೆಸಲು ಇರಲಿ ಅಂತ ಒಂದು ಟವೆಲನ್ನು ಅವಳ ಕೈಗೆ ಕೊಟ್ಟ.

ಮೈಕಣ್ಣ ಶುರು ಮಾಡಿದ. ಗಂಟೆ ಬಾರಿಸಿದ ಕೂಡಲೇ ಮಿಂಚು ನುಗ್ಗಿ ಸುತ್ತಿಗೆಯ ಪಕ್ಕೆಲುಬಿಗೆ ಪಟಪಟನೆ ಬಾರಿಸುತ್ತಾನೆ, ಸುತ್ತಿಗೆ ಉಸಿರು ಬಿಡಲಾಗದೆ ಹಗ್ಗಕ್ಕೆ ಒರಗುತ್ತಾನೆ.

ಒರಗೋದು ಯಾಕೆ ಅಂತ ಅವಳು ಕೇಳಿದಳು. ಆ ಪಕ್ಕೆಲುಬು ಅವಳು ನೋಡಿರುವುದೇ. ಇಸ್ತ್ರಿಪೆಟ್ಟಿಗೆಯ ತಳದ ಹಾಗೆ ಕಪ್ಪಿಟ್ಟಿದ್ದ ಮೈಯಲ್ಲೇ ಮಾರನೇ ದಿನ ಬೆಳಿಗ್ಗೆ ಎರಡೂ ಕೈಯಲ್ಲಿ ಬಕೆಟ್ ಹಿಡಿದು ಮೂರನೇ ಮಹಡಿಗೆ ನೀರು ಹೊತ್ತಿದ್ದ, ಆಚೆಮನೆಯವರೂ ನೋಡಿದ್ದಾರೆ. ಮಿಂಚು ಹೊಡೆದುಕೊಳ್ಳಲಿ, ಕೈ ನೋಯುವುದು ಅವನಿಗೇ. ಬೆಂಚಿನ ಮೇಲೆ ಯಾರೋ ನಕ್ಕರು. ಸಾಕ್ಷಿ ಸರಿಯಾಗಿದೆ ಅಂತ ಕಟಿಂಗ್ ಶಾಪಿನವನು ತಲೆಯಾಡಿಸಿದ.

ಹಾಗೆ ನಡೆಯಿತು ಪಂದ್ಯ. ಅವಳಿಗೆ ಏಟುಗಳ ಹೆಸರು ಗೊತ್ತಿಲ್ಲ, ರೆಫರಿಗೆ "ಮಧ್ಯೆ ಮಧ್ಯೆ ಅಡ್ಡ ಬರ್ತಾನಲ್ಲ ಆ ಮಹಾರಾಯ" ಅನ್ನುತ್ತಿದ್ದಳು. ಆದರೆ ಯಾವ ಏಟು ಎಲ್ಲಿಗೆ ಬಿದ್ದು, ಮಾರನೇ ದಿನಕ್ಕೆ ಅದು ಯಾವ ಬಣ್ಣಕ್ಕೆ ತಿರುಗಿ, ಅಷ್ಟರ ಮೇಲೂ ಈ ಮನುಷ್ಯ ಏನೇನು ಮಾಡಿದ ಅನ್ನೋದು ಅವಳಿಗೆ ಬಾಯಿಪಾಠ. ಹುಬ್ಬು ಹರಿದು ಕಣ್ಣು ಮುಚ್ಚಿಕೊಂಡಿದ್ದಾಗಲೇ ಅವಳ ಸೂಜಿಗೆ ದಾರ ಪೋಣಿಸಿಕೊಟ್ಟಿದ್ದ. ಅದನ್ನು ಹೇಳಿ, ಒಂದೇ ಕಣ್ಣಲ್ಲಿ ಸೂಜಿಯ ತೂತು ಕಂಡವನಿಗೆ ಮಿಂಚಿನ ಮೂಗು ಕಾಣೋದಿಲ್ವಾ ಅಂತ ಕೇಳಿದಳು. ಅಂಗಡಿಯೇ ಗೊಳ್ಳೆಂದಿತು. ಪೋಸ್ಟ್‌ಮ್ಯಾನ್ ಅವಳ ಕಡೆ ಸರಿದು ಕೂತ. ಕನ್ನಡಿಯಲ್ಲಿ ಗಂಡನ ಕಣ್ಣು ತನ್ನ ಮೇಲೇ ನೆಟ್ಟಿರುವುದು ಅವಳಿಗೆ ಕಂಡಿತು. ಮೈಕಣ್ಣನ ಹಣೆ ಬೆವರಿತು.

ಬೆವರಿದವನಿಗೆ ರೋಷವೂ ಬಂತು. ಒಬ್ಬ ಇಸ್ತ್ರಿಯವಳ ಎದುರು ಸೋತರೆ ಇನ್ನು ಈ ಬೆಂಚಿನ ಮೇಲೆ ಕೂರುವ ಹಾಗಿಲ್ಲ. ಎದ್ದು ನಿಂತು, ಹಳೆಯ ಮೈಕಿನ ಗಂಟಲನ್ನೇ ತೆಗೆದ. "ಸುತ್ತಿಗೆಗೆ ಇದ್ದಿದ್ದು ಒಂದೇ ಕೈ ಅಕ್ಕಾ. ಮಿಂಚಿಗೆ ಅದು ಗೊತ್ತು. ಬಲಗೈಗೆ ಸಿಗದ ಹಾಗೆ ಎಡಮಗ್ಗುಲಿಗೇ ಸುತ್ತುತಾನೆ. ಬಲಗೈ ಒಂದು ಕಿತ್ಕೊಂಡ್ರೆ ಸುತ್ತಿಗೆ ಹತ್ರ ಇನ್ನೇನು ಉಳಿಯುತ್ತೆ? ಬಂತು ದವಡೆಗೆ ಏಟು. ಬಿದ್ದ."

ಆಡಿ ಮುಗಿದ ಮೇಲೆ ಅವನಿಗೇ ಅದು ಕೇಳಿಸಿರಬೇಕು, ದನಿ ತಗ್ಗಿತು. ಕುರ್ಚಿಯ ಮೇಲೆ ಬಿಳಿ ಬಟ್ಟೆಯ ಕೆಳಗೆ ಸುಮ್ಮನೆ ಬಿದ್ದಿದ್ದ ಆ ಬಲಗೈಯನ್ನು ಯಾರೂ ನೋಡಲಿಲ್ಲ. ನೋಡದೆ ಇರಲು ಎಲ್ಲರೂ ಕಷ್ಟಪಟ್ಟರು. ಕನ್ನಡಿಯಲ್ಲಿ ನೊರೆ ಮೆತ್ತಿದ ಬಾಯಿ ಅಲುಗಿತು. "ಆಮ್ಲೆ."

"ನೋಡಿದ್ರಾ, ಕೇಳ್ತಾ ಇದಾರೆ," ಅಂತ ಬೆಂಚಿನ ತುದಿಯಲ್ಲಿದ್ದ ಒಬ್ಬ ಕಕ್ಕುಲತೆಯಿಂದ ಅಂದ.

"ಕೇಳ್ತಾ ಇಲ್ಲ," ಅಂದಳು ಅವಳು. "ಸಾಕು ನಿಲ್ಸಿ ಅಂತಿದಾರೆ. ಮೊದಲ ದಿನದಿಂದ ಅದನ್ನೇ ಅಂತಿದಾರೆ. ಬಿದ್ದೋನ ಮೇಲೆ ಹೊಡೀಬಾರ್ದು ಅನ್ನೋ ನಿಯಮ ನಿಮ್ಮ ಬಾಯಿಗಿಲ್ವಾ?"

ಕಟಿಂಗ್ ಶಾಪಿನವನ ಮುಖ ಸುಣ್ಣ ಬಳಿದ ಹಾಗಾಯಿತು. ತಾನು ಮನೆಗೆ ಹೋಗಿ ಅಂದು ತೋರಿಸಿದ್ದು ಅವನಿಗೆ ಈಗ ನೆನಪಾಯಿತು. ಪಂದ್ಯ ಇಲ್ಲಿಗೇ ಬಿಡೋಣ ಅತ್ತಿಗೆ ಅಂದ. ಮೈಕಣ್ಣನೂ ಕೈಮುಗಿದು, ಬಿಡೋಣ ಅಕ್ಕಾ, ಟವೆಲ್ ಎಸೆದುಬಿಡಿ, ತಪ್ಪಾಯ್ತು ಅಂದ.

ಟವೆಲ್ ಅವಳ ಕೈಯಲ್ಲೇ ಇತ್ತು. ಎಸೆದುಬಿಡಬಹುದಿತ್ತು. ಎಸೆದು, ಗಂಡನ ಮುಖ ಒರೆಸಿ, ಮನೆಗೆ ಕರೆದುಕೊಂಡು ಹೋದರೆ ಇವರೆಲ್ಲ ಇನ್ನು ಮುಂದೆ ಅವನನ್ನು ಕಂಡಾಗ ಅಯ್ಯೋ ಪಾಪ ಅಂತ ದನಿ ತಗ್ಗಿಸುತ್ತಾರೆ. ಅವನು ಗೋಡೆಗೆ ತಿರುಗಿ ಮಲಗುತ್ತಾನೆ. ಅವಳಿಗೆ ಎಲ್ಲಿತ್ತೋ ಸಿಟ್ಟು, ಟವೆಲನ್ನು ಮುದ್ದೆ ಮಾಡಿ ಹಿಂಡಿದಳು.

"ತಪ್ಪು ಒಪ್ಕೊಂಡ್ರಿ, ಸಂತೋಷ. ಪಂದ್ಯ ಯಾಕೆ ಬಿಡ್ಬೇಕು? ಬಿದ್ದಿದಾರೆ ತಾನೆ? ಎಣಿಸಿ."

ಕಟಿಂಗ್ ಶಾಪಿನವನು ಅನುಮಾನಿಸಿದ. ಎಣಿಸು ಅಂತ ಅವಳು ಗದರಿದಳು. ಅವನು ಕತ್ತರಿ ಎತ್ತಿದ. ಚಕ್. ಚಕ್.

ಅವಳು ಸಾಕ್ಷಿಗೆ ತಡಕಾಡಿದಳು. ಸುತ್ತಿಗೆ ತನ್ನ ಬದುಕಿನಲ್ಲಿ ರಿಂಗಿನ ನೆಲ ಕಂಡಿದ್ದು ಒಂದೇ ಸಲ, ಪಟ್ಟ ಕಳೆದುಕೊಂಡ ಕೊನೆಯ ಪಂದ್ಯದಲ್ಲಿ. ಅವತ್ತು ಅವನು ಏಳಲಿಲ್ಲ. ಹತ್ತೂ ಎಣಿಸಿದ್ದನ್ನು ಮೈಕಿನಲ್ಲಿ ಕೂಗಿದವನೇ ಇಲ್ಲಿ ಎದುರಿಗೆ ನಿಂತಿದ್ದಾನೆ. ಲಕ್ವ ಹೊಡೆದ ದಿನ ಬಚ್ಚಲಿನಲ್ಲಿ ಬಿದ್ದಾಗ ಎತ್ತಿದವಳು ಅವಳು. ಅದಾದ ಮೇಲೆ ಬಿದ್ದಾಗಲೆಲ್ಲ ಎತ್ತಿದವಳೂ ಅವಳೇ. ಇವನು ಬಿದ್ದು ತಾನಾಗಿ ಎದ್ದದ್ದನ್ನು ಈ ಲೋಕದಲ್ಲಿ ಯಾರೂ ನೋಡಿಲ್ಲ. ಸುಳ್ಳು ಹೇಳಬಹುದಿತ್ತು. ಕನ್ನಡಿಯಲ್ಲಿ ಅವನು ನೋಡುತ್ತಿದ್ದ, ಅವನ ಎದುರಿಗೆ ಅವಳಿಗೆ ಸುಳ್ಳು ಬರಲಿಲ್ಲ. ಬೇಳೆಕಾಳಿನಂಥ ವಿಷಯಕ್ಕೂ ಬಾಯಿ ಮಾಡುತ್ತಿದ್ದ ಹೆಂಗಸಿಗೆ ಆ ಹೊತ್ತಿನಲ್ಲಿ ಒಂದು ಮಾತೂ ಹೊಳೆಯಲಿಲ್ಲ.

ಕತ್ತರಿ ಐದು ದಾಟಿತು. "ಸಾಕ್ಷಿ ಹೇಳಿ ಅತ್ತಿಗೆ," ಅಂತ ಕಟಿಂಗ್ ಶಾಪಿನವನು ಬೇಡುವ ದನಿಯಲ್ಲಿ ಅಂದ. ಅವನು ಎಣಿಕೆಯನ್ನು ಎಷ್ಟು ನಿಧಾನ ಮಾಡಬಹುದೋ ಅಷ್ಟು ನಿಧಾನ ಮಾಡುತ್ತಿದ್ದ. ಪೋಸ್ಟ್‌ಮ್ಯಾನ್ ತಲೆ ತಗ್ಗಿಸಿದ.

ಕುರ್ಚಿ ಕಿರುಗುಟ್ಟಿತು.

ಮೊದಲು ಬಿಳಿ ಬಟ್ಟೆಯ ಕೆಳಗಿನಿಂದ ಎಡಗೈ ಹೊರಬಂತು. ಅದು ಕುರ್ಚಿಯ ತೋಳನ್ನು ಹಿಡಿಯಿತು, ಗಿಣ್ಣುಗಳು ಬಿಳಚಿಕೊಂಡವು. ಎಡಗಾಲು ಪಾದದ ಹಲಗೆಯಿಂದ ಇಳಿದು ನೆಲ ಹುಡುಕಿತು. ಹಿಡಿದುಕೊಳ್ಳಲು ಓಡಿಬಂದ ಮೈಕಣ್ಣನ ಎದೆಗೆ ಅವಳು ಕೈ ಅಡ್ಡ ಕೊಟ್ಟಳು. ತನ್ನ ಇನ್ನೊಂದು ಕೈ ಗಂಡನ ಹೆಗಲಿಗೆ ತಾನಾಗಿ ಹೋಗುತ್ತಿದ್ದದ್ದನ್ನು ತಡೆದು, ಟವೆಲಿನೊಳಗೆ ಬಿಗಿಯಾಗಿ ಮುಚ್ಚಿಕೊಂಡಳು. ಹಾಗೆ ತಡೆದುಕೊಂಡದ್ದು ಅವಳ ಬದುಕಿನ ಅತಿ ಕಷ್ಟದ ಕೆಲಸವಾಗಿತ್ತು. ಅವನು ಅರ್ಧ ಎದ್ದ, ನಡುಗಿದ, ಇನ್ನೇನು ಕುಸಿದ ಅನ್ನುವಷ್ಟರಲ್ಲಿ ಗಂಟಲಿನಿಂದ ಒಂದು ಹೂಂಕಾರ ಹೊರಟು ಪೂರ್ತಿ ಎದ್ದ. ಅರ್ಧ ಕೆನ್ನೆ ನುಣ್ಣಗೆ, ಅರ್ಧ ಕೆನ್ನೆಗೆ ನೊರೆ, ಕುತ್ತಿಗೆಯಿಂದ ಬಿಳಿ ಬಟ್ಟೆ ಇಳಿಬಿದ್ದಿತ್ತು. ಒಂದು ಕಡೆಗೆ ವಾಲಿದ್ದರೂ ಯಾರನ್ನೂ ಹಿಡಿಯದೆ ನಿಂತಿದ್ದ. ಕತ್ತರಿ ಎಂಟಕ್ಕೆ ನಿಂತಿತು.

"ಬಿದ್ದು ಎದ್ದಿದ್ದನ್ನ ಯಾರೂ ನೋಡಿಲ್ವಲ್ಲ," ಅಂತ ಬೆಂಚಿನ ತುದಿಯವನು ಅಭ್ಯಾಸಬಲದಿಂದ ಬಾಯಿ ಹಾಕಿದ.

"ಈಗ ನೋಡಿದ್ವಲ್ಲ," ಅಂದ ಕಟಿಂಗ್ ಶಾಪಿನವನು. "ಅಂಗಡಿ ತುಂಬ ಸಾಕ್ಷಿ ಇದೆ. ಪಂದ್ಯ ಮುಂದುವರೀತದೆ."

ಸುತ್ತಿಗೆ ಎಡಗೈಯನ್ನು ಕುರ್ಚಿಯಿಂದ ಬಿಡಿಸಿದ. ಮುಷ್ಟಿ ಕಟ್ಟಿ ಗಲ್ಲದ ತನಕ ಎತ್ತಿ ಹಿಡಿದು, ಮೈಕಣ್ಣನ ಮುಖವನ್ನೇ ನೋಡಿದ.

"ಆಮೇಲೆ?" ಅಂದ.

ಅವಳಿಗೆ ಅವನ ಎಲ್ಲ ಆಮೇಲೆಗಳೂ ಗೊತ್ತಿದ್ದವು. ನೀರಿನದು, ಸುಸ್ತಿನದು, ನೋವಿನದು. ಇದು ಅವುಗಳಲ್ಲಿ ಯಾವುದೂ ಆಗಿರಲಿಲ್ಲ. ಲಕ್ವ ಹೊಡೆದ ಮೇಲೆ ಮೊದಲ ಸಲ ಆ ಮಾತು ತನ್ನ ಸ್ವಂತ ಅರ್ಥದಲ್ಲೇ ಅವನ ಬಾಯಿಂದ ಬಂದಿತ್ತು. ಅವಳ ಕಣ್ಣಲ್ಲಿ ನೀರು ತುಂಬಿತು. ಆ ಟವೆಲನ್ನು ಹಲಗೆಯ ಕಡೆ ಎಸೆಯಲಿಲ್ಲ, ಅದರಲ್ಲೇ ಕಣ್ಣೊರೆಸಿಕೊಂಡು ಹೆಗಲಿಗೆ ಹಾಕಿಕೊಂಡಳು.

ಮೈಕಣ್ಣ ಬಾಯಿ ತೆರೆದ. ಊರಿಗೆಲ್ಲ ಕೇಳಿಸುತ್ತಿದ್ದ ಆ ಗಂಟಲಿನಿಂದ ಏನೂ ಹೊರಡಲಿಲ್ಲ.

"ಸರದಿ ನಿಮ್ಮದು, ಮೈಕಣ್ಣ," ಅಂದಳು ಅವಳು. "ಈಗ ನಿಜವಾಗಿ ಕೇಳ್ತಿದಾರೆ. ಹೇಳಿ."